ಹಂಡೆಯ ಸುಣ್ಣದಿಂದ ಶುರುವಾಗಿದ್ದು: ಮನೆಗೆ ವಾಟರ್ ಸಾಫ್ಟ್ನರ್ ಹಾಕಿಸಿದ ನಾಲ್ಕು ತಿಂಗಳು

ದೀಪಾವಳಿಗೆ ನೀರು ತುಂಬುವ ದಿನ ಹಂಡೆ ತಿಕ್ಕಲು ಕೂತಿದ್ದೆ. ನಮ್ಮ ಕಡೆ ಗೊತ್ತಲ್ಲ, ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಕಟ್ಟಿ, ನೀರು ತುಂಬಿಸಿಡಬೇಕು. ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ. ಹೊರಗಡೆ ತಾಮ್ರ ಹೊಳೆಯತೊಡಗಿತು. ಒಳಗೆ ಕೈ ಹಾಕಿದರೆ ತಳ ಪೂರ್ತಿ ಒರಟು. ಬೆರಳಲ್ಲಿ ಕೆರೆದರೆ ಬರಲಿಲ್ಲ. ಕೊನೆಗೆ ಹಳೆಯ ಉಳಿ ತಂದು ಮೆಲ್ಲಗೆ ಎಬ್ಬಿಸಿದೆ. ಅಂಗೈ ಅಗಲದ ಒಂದು ಚಕ್ಕೆ ಎದ್ದು ಬಂತು. ಕಿರುಬೆರಳಿನ ದಪ್ಪ. ಒಂದು ಮುಖ ತಾಮ್ರದ ಹಸಿರು ಹತ್ತಿ ನುಣ್ಣಗೆ, ಇನ್ನೊಂದು ಮುಖ ಬಿಳಿ ಹರಳು ಹರಳು. ಮುರಿದು ನೋಡಿದರೆ ಒಳಗೆ ಪದರ ಪದರ, ಮರದ ಕಾಂಡ ಕೊಯ್ದ ಹಾಗೆ. ಅದರ ಮೇಲೆ ನಿಂಬೆರಸ ಹಿಂಡಿದೆ. ಬುಸ್ ಅಂತ ನೊರೆ ಬಂತು. ಸುಣ್ಣ.

ಆಯಿ ನೋಡಿ, "ಇದೇ ನೀರಲ್ಲಿ ಮೂರು ವರ್ಷದಿಂದ ಸ್ನಾನ ಮಾಡ್ತಾ ಇದ್ದೇವಲ್ಲ" ಎಂದರು. ಅಷ್ಟರೊಳಗೆ ಮನೆಯ ಗೀಸರ್‌ನ ಕಾಯಿಲ್ ಎರಡು ಸಲ ಸುಟ್ಟಿತ್ತು. ಶವರ್‌ನ ಅರ್ಧ ತೂತು ಮುಚ್ಚಿಹೋಗಿತ್ತು. ತೊಗರಿಬೇಳೆ ಎಷ್ಟು ಸೀಟಿ ಹೊಡೆಸಿದರೂ ಕಾಳು ಕಾಳಾಗಿಯೇ ಇರುತ್ತಿತ್ತು. ಇವೆಲ್ಲ ಬೇರೆ ಬೇರೆ ತೊಂದರೆ ಅಂದುಕೊಂಡಿದ್ದೆವು. ಆ ಚಕ್ಕೆ ಕೈಯಲ್ಲಿ ಹಿಡಿದಾಗಲೇ ಎಲ್ಲದರ ಮೂಲ ಒಂದೇ ಅಂತ ಹೊಳೆದಿದ್ದು.

ನಮ್ಮ ಮನೆ ಕುಮಟಾದಿಂದ ಸ್ವಲ್ಪ ಆಚೆ, ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳ (ಉಬ್ಬರದ ಉಪ್ಪುನೀರು ಹೊಕ್ಕುವ ತಗ್ಗು ಗದ್ದೆಗಳು) ಬದಿಗೆ. ಮುಂದಿನ ಅಂಗಳದಲ್ಲಿ ಅಜ್ಜನ ಕಾಲದ ಬಾವಿ ಇದೆ. ಅದರ ನೀರು ಮಾರ್ಚ್ ತನಕ ಸಿಹಿ. ಏಪ್ರಿಲ್ ಬಂದರೆ ತಳ ಕಾಣುತ್ತದೆ, ಉಪ್ಪು ನಾಲಿಗೆಗೆ ಹತ್ತುತ್ತದೆ. ಅದಕ್ಕೇ ಮೂರು ವರ್ಷದ ಹಿಂದೆ ಹಿತ್ತಿಲಲ್ಲಿ ಬೋರ್ ಹೊಡೆಸಿ, ಮನೆಗೆಲ್ಲ ಅದರ ನೀರೇ ಕೊಟ್ಟಿದ್ದೆವು. ಕುಡಿಯಲು, ಅಡುಗೆಗೆ ಬಾವಿಯಿಂದ ಸೇದುವ ರೂಢಿ ಇತ್ತು. ಬರಬರುತ್ತಾ ಅಡುಗೆಗೂ ನಲ್ಲಿ ತಿರುಗಿಸುವುದೇ ಅಭ್ಯಾಸವಾಯಿತು.

ಹೀಗೆ ಸುಣ್ಣ ಕರಗಿರುವ ನೀರಿಗೆ ಗಡಸು ನೀರು ಅನ್ನುತ್ತಾರೆ. ಉತ್ತರ ಕನ್ನಡದಲ್ಲಿ ಗಡಸು ನೀರಾ ಅಂತ ನನ್ನನ್ನು ಸುಮಾರು ಜನ ಕೇಳಿದ್ದಾರೆ. ಕೇಳುವುದು ಸರಿಯೇ. ಕೆಂಪು ಮುರಕಲ್ಲಿನ ಜಾಗದಲ್ಲಿ ಸಾಮಾನ್ಯವಾಗಿ ನೀರು ಮೆದು. ನನ್ನ ಹೆಂಡತಿಯ ತವರು ಶಿರಸಿ ಕಡೆ. ಅಲ್ಲಿ ಅಬ್ಬಿ ನೀರು, ಗುಡ್ಡದಿಂದ ತಾನಾಗಿ ಇಳಿದು ಬರುತ್ತದೆ. ಚೂರು ಸೋಪು ಸಾಕು, ಬಕೆಟ್ ತುಂಬಾ ನೊರೆ. ಕರಾವಳಿಯ ಅಂಚಿನ ಕಥೆ ಬೇರೆ. ನಮ್ಮ ಹಿತ್ತಿಲಲ್ಲಿ ನಾಲ್ಕಡಿ ಅಗೆದರೆ ಹಳೆಯ ಚಿಪ್ಪು ಸಿಗುತ್ತದೆ. ಹಿಂದೆ ಇವನ್ನೇ ಸುಟ್ಟು ಸುಣ್ಣ ಮಾಡುತ್ತಿದ್ದರು. ಚಿಪ್ಪಿನಲ್ಲಿರುವುದೂ ಹಂಡೆಯ ಚಕ್ಕೆಯಲ್ಲಿರುವುದೂ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಮಣ್ಣಿಗೆ ಇಳಿಯುವ ಮಳೆನೀರಿಗೆ ಸ್ವಲ್ಪ ಹುಳಿ ಗುಣ ಇರುತ್ತದೆ. ದಾರಿಯಲ್ಲಿ ಸುಣ್ಣ ಸಿಕ್ಕರೆ ಕರಗಿಸಿಕೊಂಡು ಹೋಗುತ್ತದೆ. ಅದನ್ನು ಕಾಯಿಸಿದಾಗ ಸುಣ್ಣ ಮತ್ತೆ ಗಟ್ಟಿಯಾಗಿ ಪಾತ್ರೆಗೆ ಕಚ್ಚಿಕೊಳ್ಳುತ್ತದೆ.

ನೀರಿನ ಗಡಸುತನ ತೆಗೆಯುವ ಸಾಧನಕ್ಕೆ ಸಾಫ್ಟ್ನರ್ ಅನ್ನುತ್ತಾರೆ. ಅದನ್ನು ವಿಚಾರಿಸಲು ಹಬ್ಬ ಮುಗಿದ ವಾರದಲ್ಲೇ ಇಬ್ಬರು ಮಾರಾಟದವರನ್ನು ಕರೆಸಿದೆ. ಮೊದಲನೆಯವನು ಎರಡು ಗ್ಲಾಸ್ ಇಟ್ಟ. ಒಂದರಲ್ಲಿ ನಮ್ಮ ಬೋರ್ ನೀರು, ಇನ್ನೊಂದರಲ್ಲಿ ಅವನೇ ತಂದ ಫಿಲ್ಟರ್ ನೀರು. ಕರೆಂಟಿಗೆ ಸಿಕ್ಕಿಸುವ ಒಂದು ಸಾಧನದ ಕಡ್ಡಿಗಳನ್ನು ಎರಡರಲ್ಲೂ ಮುಳುಗಿಸಿದ. ಎರಡು ನಿಮಿಷದಲ್ಲಿ ನಮ್ಮ ನೀರು ಗಲೀಜು ಕಂದು ಬಣ್ಣಕ್ಕೆ ತಿರುಗಿತು. ಆಯಿ ಹೆದರಿಬಿಟ್ಟರು. ದಯವಿಟ್ಟು ಇದನ್ನು ನಂಬಬೇಡಿ. ಲವಣ ಇರುವ ನೀರಲ್ಲಿ ಕರೆಂಟ್ ಹರಿಯುತ್ತದೆ, ಆಗ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಿನ ಬಣ್ಣ ಬಿಡುತ್ತದೆ. ಆ ಬಣ್ಣ ಕಡ್ಡಿಯದು. ಲವಣ ತೆಗೆದ ನೀರಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅದಕ್ಕೆ ಅದು ಬೆಳ್ಳಗೆ ಉಳಿಯುತ್ತದೆ, ಅಷ್ಟೇ. ಎರಡನೆಯವನು ಪೈಪಿನ ಹೊರಗೆ ಕಟ್ಟುವ ಅಯಸ್ಕಾಂತ ತೋರಿಸಿದ. ಉಪ್ಪು ಬೇಡ, ಕರೆಂಟ್ ಬೇಡ, 9,000 ರೂಪಾಯಿ ಅಂದ. ಸುಣ್ಣ ಹೊರಗೆ ಹೋಗುವುದು ಎಲ್ಲಿಂದ ಅಂತ ಕೇಳಿದೆ. ಹೋಗಲ್ಲ ಸರ್, ಅಂಟಲ್ಲ ಅಷ್ಟೇ ಅಂದ. ಹೋಗದ ಸುಣ್ಣಕ್ಕೆ ದುಡ್ಡು ಕೊಡಲು ನನಗೆ ಮನಸ್ಸು ಬರಲಿಲ್ಲ.

ಈ ಇಬ್ಬರೂ ಜೇಬಿನಿಂದ ಟಿಡಿಎಸ್ ಮೀಟರ್ ತೆಗೆದು 740 ತೋರಿಸಿ ಗಡಸು ಜಾಸ್ತಿ ಅಂದಿದ್ದರು. ಟಿಡಿಎಸ್ ಅಂದರೆ ಕರಗಿದ ಎಲ್ಲ ಲವಣ ಸೇರಿ. ಅದರಲ್ಲಿ ಸುಣ್ಣ ಎಷ್ಟು, ಅಡುಗೆ ಉಪ್ಪು ಎಷ್ಟು ಅಂತ ಆ ಮೀಟರ್ ಹೇಳುವುದಿಲ್ಲ. ನಮ್ಮ ಕರಾವಳಿಯಲ್ಲಿ ಇದೇ ಮುಖ್ಯ ಪ್ರಶ್ನೆ. ಸಾಫ್ಟ್ನರ್ ತೆಗೆಯುವುದು ಕ್ಯಾಲ್ಸಿಯಂ, ಮೆಗ್ನೀಷಿಯಂ ಮಾತ್ರ. ಸಮುದ್ರದ ಉಪ್ಪು ಹೊಕ್ಕ ಸವಳು ನೀರಿಗೆ ಸಾಫ್ಟ್ನರ್ ಹಾಕಿದರೆ ದುಡ್ಡು ದಂಡ, ಬಾಯಿಗೆ ಉಪ್ಪು ಹಾಗೇ ಇರುತ್ತದೆ. ಹಾಗಾಗಿ ಏನು ಕೊಳ್ಳುವ ಮೊದಲೂ ಲ್ಯಾಬ್ ಪರೀಕ್ಷೆ ಮಾಡಿಸಿ. ಒಟ್ಟು ಗಡಸುತನ, ಕ್ಲೋರೈಡ್, ಕಬ್ಬಿಣ, ಕ್ಷಾರೀಯತೆ, ಪಿಎಚ್, ಟಿಡಿಎಸ್, ಈ ಆರು ಬೇಕೇ ಬೇಕು.

ನಾನು ಹುಬ್ಬಳ್ಳಿಯ ಒಂದು ಖಾಸಗಿ ಲ್ಯಾಬಿಗೆ ಕಳಿಸಿದೆ. 1,200 ರೂಪಾಯಿ. ಮೊದಲ ಬಾಟಲಿ ವಾಪಸ್ ಬಂತು, ಯಾಕೆಂದರೆ ಅದು ಜ್ಯೂಸಿನ ಬಾಟಲಿ, ಮುಚ್ಚಳದಲ್ಲಿ ವಾಸನೆ ಉಳಿದಿತ್ತು. ಸ್ವಚ್ಛ ನೀರಿನ ಬಾಟಲಿಯನ್ನು ಅದೇ ಬೋರ್ ನೀರಲ್ಲಿ ಮೂರು ಸಲ ತೊಳೆದು, ಪಂಪ್ ಹತ್ತು ನಿಮಿಷ ಓಡಿದ ಮೇಲೆ ಕುತ್ತಿಗೆ ತನಕ ತುಂಬಿಸಿ ಕಳಿಸಿ. ಎರಡನೇ ಸಲ ಕಳಿಸಿ ಒಂಬತ್ತು ದಿನಕ್ಕೆ ವರದಿ ಬಂತು. ಗಡಸುತನ ಲೀಟರಿಗೆ 460 ಮಿಲಿಗ್ರಾಂ. ಕ್ಲೋರೈಡ್ 210. ಕಬ್ಬಿಣ 0.2. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಪ್ರಕಾರ ಗಡಸುತನ 200 ಇದ್ದರೆ ಒಪ್ಪುವಂಥದ್ದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 600 ತನಕ ನಡೆಯುತ್ತದೆ. ಕ್ಲೋರೈಡ್‌ಗೆ ಈ ಲೆಕ್ಕ 250 ಮತ್ತು 1,000. ಅಂದರೆ ನಮ್ಮದು ಸುಣ್ಣದ ನೀರು, ಸವಳು ನೀರಲ್ಲ. ಆ ಸಾಲು ಓದಿ ನನಗೆ ನಿಜಕ್ಕೂ ಸಮಾಧಾನವಾಯಿತು. ಕಬ್ಬಿಣ ಜಾಸ್ತಿ ಇದ್ದವರು, ಬಕೆಟ್‌ನಲ್ಲಿಟ್ಟ ನೀರು ಬೆಳಗಾಗುವಾಗ ಕೆಂಪಾಗುತ್ತದೆ ಅನ್ನುವವರು, ಮೊದಲು ಕಬ್ಬಿಣದ ಫಿಲ್ಟರ್ ಹಾಕಬೇಕು. ಇಲ್ಲವಾದರೆ ಸಾಫ್ಟ್ನರ್ ಒಳಗಿನ ರೆಸಿನ್‌ಗೆ ಕಬ್ಬಿಣ ಹತ್ತಿ ಅದು ಬೇಗ ಹಾಳಾಗುತ್ತದೆ.

ರೆಸಿನ್ ಅಂದರೆ ಗಸಗಸೆಯಷ್ಟು ದೊಡ್ಡ ಜೇನು ಬಣ್ಣದ ಮಣಿಗಳು. ಅವುಗಳಲ್ಲಿ ಸೋಡಿಯಂ ಕೂತಿರುತ್ತದೆ. ಗಡಸು ನೀರು ಹಾಯುವಾಗ ಮಣಿ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತದೆ. ಎಲ್ಲ ಮಣಿ ತುಂಬಿದ ಮೇಲೆ ಗಟ್ಟಿ ಉಪ್ಪುನೀರು ಹಾಯಿಸಿ ಕ್ಯಾಲ್ಸಿಯಂ ತೊಳೆದು ಹೊರಗೆ ಕಳಿಸಬೇಕು. ಮಣಿಗಳು ಮತ್ತೆ ತಯಾರಾಗುತ್ತವೆ. ಇದಕ್ಕೆ ರೀಜನರೇಷನ್ ಅನ್ನುತ್ತಾರೆ. ಇಷ್ಟು ಗೊತ್ತಿದ್ದರೆ ಎಷ್ಟು ದೊಡ್ಡದು ಬೇಕು ಅಂತ ನೀವೇ ಲೆಕ್ಕ ಹಾಕಬಹುದು. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ. 35 ಲೀಟರ್ ರೆಸಿನ್ ಇದ್ದರೆ 1,750 ಗ್ರಾಂ. ನಮ್ಮ ಸಾವಿರ ಲೀಟರ್ ನೀರಲ್ಲಿ 460 ಗ್ರಾಂ ಇದೆ. ಭಾಗಿಸಿದರೆ ಸುಮಾರು 3,800 ಲೀಟರ್. ಐದು ಜನರ ಸ್ನಾನ, ಬಟ್ಟೆ, ಪಾತ್ರೆಗೆ ದಿನಕ್ಕೆ 700 ಲೀಟರ್ ಹಿಡಿದರೆ ಐದು ದಿನಕ್ಕೊಮ್ಮೆ ಉಪ್ಪು. ಒಂದು ಸಲಕ್ಕೆ ಲೀಟರ್ ರೆಸಿನ್‌ಗೆ 150 ಗ್ರಾಂನಂತೆ ಐದು ಕೆಜಿ ಚಿಲ್ಲರೆ, ತಿಂಗಳಿಗೆ ಮೂವತ್ತು ಕೆಜಿ. ಈ ಲೆಕ್ಕ ಬರೆದ ಚೀಟಿ ಕೈಯಲ್ಲಿ ಹಿಡಿದು ಮೂರನೇ ಅಂಗಡಿಗೆ ಹೋದಾಗ ಮಾತಿನ ಧಾಟಿಯೇ ಬದಲಾಯಿತು. ಅವರು 20 ಲೀಟರ್ ರೆಸಿನ್‌ನ ಚಿಕ್ಕದನ್ನು ತೋರಿಸುವುದು ಬಿಟ್ಟರು.

10 ಇಂಚು ಅಗಲ, 54 ಇಂಚು ಎತ್ತರದ ಫೈಬರ್ ಸಿಲಿಂಡರ್, ನೀರಿನ ದಾರಿ ಬದಲಿಸಲು ಕೈಯಿಂದ ತಿರುಗಿಸುವ ಮಲ್ಟಿಪೋರ್ಟ್ ವಾಲ್ವ್, ರೆಸಿನ್, ಉಪ್ಪಿನ ಟ್ಯಾಂಕ್ ಎಲ್ಲ ಸೇರಿ 24,500 ರೂಪಾಯಿ. ಟೈಮರ್ ಇರುವ ಆಟೋಮ್ಯಾಟಿಕ್ ವಾಲ್ವ್ ಇನ್ನೂ ಹನ್ನೆರಡು ಸಾವಿರ ಹೆಚ್ಚು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗಿ ಯಾವಾಗ ಬರುತ್ತದೆ ಅಂತ ಹೇಳಲಾಗದು. ಅರ್ಧ ರೀಜನರೇಷನ್‌ನಲ್ಲಿ ನಿಂತರೆ ನಲ್ಲಿಗೆ ಉಪ್ಪುನೀರು ಬರುವ ಭಯ. ಕೈಯದೇ ತೆಗೆದುಕೊಂಡೆ. ಇನ್ನೊಂದು ಮಾತು, ಸ್ಟ್ಯಾಂಡ್ ಕಬ್ಬಿಣದ್ದು ಬೇಡ. ಈ ಗಾಳಿಗೆ ಒಂದೇ ಮಳೆಗಾಲ ಸಾಕು. ಸಿಮೆಂಟ್ ಕಟ್ಟೆ ಮಾಡಿಸಿ.

ಹತ್ತು ದಿನ ಎಂದವರು ಇಪ್ಪತ್ತಾರು ದಿನಕ್ಕೆ ಕಳಿಸಿದರು. ಬಂದಾಗ ಪ್ಲಂಬರ್ ಇಲ್ಲ, ಅಡಿಕೆ ಕೊನೆಕೊಯ್ಲಿನ ಹೊತ್ತು, ಅವನ ಮನೆಯ ತೋಟದ ಕೆಲಸ. ಸಾಫ್ಟ್ನರ್ ಹದಿನೆಂಟು ದಿನ ಜಗಲಿಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಅದನ್ನು ನೋಡಿದಾಗೆಲ್ಲ ನನಗೆ ಚಡಪಡಿಕೆ. ರೆಸಿನ್ ಚೀಲ ಬಿಸಿಲಿಗೆ ಒಣಗಬಾರದು ಅಂತ ಅಂಗಡಿಯವರು ಹೇಳಿದ್ದರಿಂದ ಅದನ್ನು ಮಾತ್ರ ಒಳಗೆ ಕತ್ತಲೆ ಕೋಣೆಯಲ್ಲಿ ಇಟ್ಟಿದ್ದೆವು.

ಪ್ಲಂಬರ್ ಬಂದ ದಿನ ದೊಡ್ಡ ಅಡ್ಡಿ ಎದುರಾಯಿತು. ನಮ್ಮ ಟ್ಯಾಂಕ್ ಇರುವುದು ನೆಲದಿಂದ ಹನ್ನೆರಡು ಅಡಿ ಎತ್ತರದಲ್ಲಿ. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಸುಮಾರು ಒಂದು ಬಾರ್ ಒತ್ತಡ. ನಮ್ಮದು ನಾಲ್ಕು ಮೀಟರೂ ಇಲ್ಲ. ಸಾಫ್ಟ್ನರ್‌ಗೆ ಒಂದೂವರೆ, ಎರಡು ಬಾರ್ ಬೇಕು. ಟ್ಯಾಂಕಿನ ಕೆಳಗೆ ಕೂಡಿಸಿದರೆ ಉಪ್ಪುನೀರನ್ನೂ ಎಳೆಯುವುದಿಲ್ಲ, ನಲ್ಲಿಗೆ ನೂಲಿನಷ್ಟು ನೀರು ಬರುತ್ತದೆ. ಅಂಗಡಿಯವರು ಒಮ್ಮೆಯೂ ಟ್ಯಾಂಕ್ ಎತ್ತರ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಕೊನೆಗೆ ಮಾಡಿದ್ದು ಹೀಗೆ: ಬೋರ್ ನೀರು ಹಳೆಯ ಟ್ಯಾಂಕಿಗೆ. ಅಲ್ಲಿಂದ ಮಣ್ಣು, ಮರಳು ತಡೆಯುವ ಫಿಲ್ಟರ್ ದಾಟಿ ಅರ್ಧ ಎಚ್‌ಪಿ ಪಂಪ್, ಪಂಪಿನಿಂದ ಸಾಫ್ಟ್ನರ್, ಅಲ್ಲಿಂದ ಹೊಸದಾಗಿ ಇಟ್ಟ 500 ಲೀಟರ್ ಟ್ಯಾಂಕ್. ಖರ್ಚು ಏರಿತು, ಆದರೆ ಕರೆಂಟ್ ಇಲ್ಲದಿದ್ದರೂ ಮೆದು ನೀರು ಕೈಯಲ್ಲಿ ಇರುತ್ತದೆ.

ಆಮೇಲಿನದು ಪೈಪಿನ ಕೆಲಸ. ನೀವು ಹಾಕಿಸುವವರಾದರೆ ಇದನ್ನು ಮೊದಲೇ ಕಾಗದದ ಮೇಲೆ ಬರೆಯಿರಿ: ಯಾವ ನಲ್ಲಿಗೆ ಯಾವ ನೀರು. ಬಚ್ಚಲು, ಗೀಸರ್, ವಾಷಿಂಗ್ ಮಷಿನ್, ಪಾತ್ರೆ ತೊಳೆಯುವ ನಲ್ಲಿಗೆ ಮೆದು ನೀರು. ಸಂಡಾಸಿಗೆ, ಅಂಗಳಕ್ಕೆ, ಗಿಡಗಳಿಗೆ ಬೋರ್‌ನ ನೇರ ನೀರು, ಮೆದು ನೀರಿನ ಸೋಡಿಯಂ ಮಣ್ಣಿಗೆ ಒಳ್ಳೆಯದಲ್ಲ. ಕುಡಿಯಲು, ಅಡುಗೆಗೆ ಮೆದು ನೀರು ಬೇಡವೇ ಬೇಡ ಅಂತ ನಾನು ಹಟ ಹಿಡಿದೆ. ಗಡಸುತನದ ಪ್ರತಿ ಮಿಲಿಗ್ರಾಂಗೆ 0.46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ನಮ್ಮ 460ಕ್ಕೆ ಲೀಟರಿಗೆ 210 ಮಿಲಿಗ್ರಾಂ ಹೆಚ್ಚುವರಿ. ಆಯಿಗೆ ಬಿಪಿ ಇದೆ, ಡಾಕ್ಟರು ಉಪ್ಪು ಕಡಿಮೆ ಮಾಡಲು ಹೇಳಿದ್ದಾರೆ. ಅಡುಗೆಮನೆಗೆ ಬಾವಿಯಿಂದಲೇ ಸಣ್ಣ ಪಂಪ್‌ನ ಲೈನ್ ಇತ್ತು, ವರ್ಷಗಟ್ಟಲೆ ಬಳಸಿರಲಿಲ್ಲ. ಅದನ್ನು ಸರಿಮಾಡಿಸಿ, ಆ ನಲ್ಲಿಗೆ ಹಳದಿ ಹಿಡಿ ಹಾಕಿಸಿದೆ. ಮಗಳಿಗೂ ಗೊತ್ತು, ಹಳದಿ ಅಂದರೆ ಕುಡಿಯುವುದು.

ಮೊದಲ ದಿನ ಬಂದ ನೀರು ಚಹಾ ಬಣ್ಣದ್ದು. ಹೆದರಬೇಡಿ, ಹೊಸ ರೆಸಿನ್ ಬಿಡುವ ಬಣ್ಣ, ಒಂದಷ್ಟು ಹೊತ್ತು ಹೊರಗೆ ಬಿಟ್ಟರೆ ತಿಳಿಯಾಗುತ್ತದೆ. ಹೆದರಬೇಕಾಗಿದ್ದು ಅದರ ನಂತರ ಆಗಿದ್ದಕ್ಕೆ. ಬ್ಯಾಕ್‌ವಾಷ್‌ಗೆ, ಅಂದರೆ ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ ರೆಸಿನ್ ತೊಳೆಯಲು, ವಾಲ್ವ್ ತಿರುಗಿಸಿ ಪಂಪ್ ಹಾಕಿದರೆ ಹೊರಹೋಗುವ ಪೈಪಿನಲ್ಲಿ ನೀರಿನ ಜೊತೆ ಜೇನು ಬಣ್ಣದ ಮಣಿಗಳು. ನಾನು ಓಡಿಹೋಗಿ ಪಂಪ್ ಆರಿಸಿದೆ. ಸಿಲಿಂಡರಿನ ತಲೆಗೆ ಕೂರಬೇಕಾದ ಪ್ಲಾಸ್ಟಿಕ್ ಜಾಲರಿ ಅಟ್ಟೆಪೆಟ್ಟಿಗೆಯ ತಳದಲ್ಲೇ ಉಳಿದಿತ್ತು. ಹೆಂಡತಿ ಹಳೆಯ ಪಂಚೆ ಹಿಡಿದು ಮಣಿಗಳನ್ನು ಸೋಸಿದಳು, ನೆಲದ ಮೇಲಿನದನ್ನು ಇಬ್ಬರೂ ಗುಡಿಸಿ ತೊಳೆದು ವಾಪಸ್ ಹಾಕಿದೆವು. ಎರಡು ಸೇರಿನಷ್ಟು ಹೋಗಿತ್ತು, ಹೆಚ್ಚುಕಮ್ಮಿ ಎಲ್ಲ ಸಿಕ್ಕಿತು. ಮೊದಲ ಬ್ಯಾಕ್‌ವಾಷ್‌ಗೆ ಹೊರಪೈಪಿನ ಬಾಯಿಗೆ ಒಂದು ಬಟ್ಟೆ ಹಿಡಿಯಿರಿ.

ಕೊಳೆ ನೀರಿನ ದಾರಿಯಲ್ಲೂ ತಪ್ಪಾಯಿತು. ಒಂದು ರೀಜನರೇಷನ್‌ಗೆ 250ರಿಂದ 300 ಲೀಟರ್ ನೀರು ಹೊರಹೋಗುತ್ತದೆ. ಅದರಲ್ಲಿ ಉಪ್ಪೂ ಇದೆ, ತೊಳೆದ ಕ್ಯಾಲ್ಸಿಯಂ ಕೂಡ ಇದೆ. ಪ್ಲಂಬರ್ ಅದನ್ನು ಬಚ್ಚಲ ಕಾಲುವೆಗೆ ಸೇರಿಸಿದ್ದ. ಬಚ್ಚಲ ನೀರು ಹೋಗುವುದು ಬಾಳೆಗೆ. ತೆಂಗಿನ ಬುಡಕ್ಕೆ ಉಪ್ಪು ಹಾಕುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆಯಲ್ಲ, ಬಾಳೆಗೂ ಏನಾಗುವುದಿಲ್ಲ ಅಂತ ಸುಮ್ನೆ ಬಿಟ್ಟೆವು. ಮೂರು ವಾರಕ್ಕೆ ಎಲೆಯ ಅಂಚು ಸುಟ್ಟಂತೆ ಕಂದಾಯಿತು. ಆಯಿ ಮಗುವಿನಂತೆ ಸಾಕಿದ್ದ ಮಿಟ್ಲಿ ಬಾಳೆ ಎರಡು ಹಿಂಡು ಹೋಯಿತು. ಅವರು ಏನೂ ಅನ್ನಲಿಲ್ಲ, ಅದೇ ನನಗೆ ಜಾಸ್ತಿ ನೋವಾಗಿದ್ದು. ಈಗ ಬೇರೆ ಪೈಪ್ ಎಳೆದು ಹಿಂದಿನ ಕೋಡಿಗೆ ಬಿಟ್ಟಿದ್ದೇವೆ. ಅಲ್ಲಿ ಉಬ್ಬರಕ್ಕೆ ಉಪ್ಪುನೀರು ಬಂದು ಹೋಗುತ್ತಲೇ ಇರುತ್ತದೆ. ಬಾವಿಯ ಹತ್ತಿರ, ತೋಟದ ಒಳಗೆ ಮಾತ್ರ ಯಾವತ್ತೂ ಬಿಡಬೇಡಿ. ಒಳನಾಡಿನಲ್ಲಿರುವವರು ಈ ನೀರು ಎಲ್ಲಿಗೆ ಅಂತ ನಿರ್ಧಾರ ಮಾಡದೆ ಸಾಫ್ಟ್ನರ್‌ಗೆ ಕೈಹಾಕಬೇಡಿ.

ಉಪ್ಪಿನ ವಿಷಯ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲೇ ಉಪ್ಪಿನ ಆಗರ ಇರುವಾಗ ಹೊರಗಿನ ಉಪ್ಪು ಯಾಕೆ ಅಂತ ಒಂದು ಚೀಲ ಅದನ್ನೇ ತಂದಿದ್ದೆ. ಉಪ್ಪಿನಕಾಯಿಗೆ ನಮಗೆ ಅದೇ ಬೇಕು. ಆದರೆ ಆ ಹರಳುಪ್ಪಿನಲ್ಲಿ ಮಣ್ಣಿನ ಅಂಶ ಇರುತ್ತದೆ. ಕರಗಿಸಿ ಒಂದು ರಾತ್ರಿ ಬಿಟ್ಟು ನೋಡಿದರೆ ಬಕೆಟ್ ತಳದಲ್ಲಿ ಬೆರಳಿನಲ್ಲಿ ಗೆರೆ ಎಳೆಯುವಷ್ಟು ಕೆಸರು. ಅದು ರೆಸಿನ್ ಮೇಲೆ ಕೂತರೆ ಕಷ್ಟ. ಈಗ ತೊಳೆದ ಬಿಳಿ ಹರಳುಪ್ಪು, ಅಯೋಡಿನ್ ಇಲ್ಲದ್ದು, 50 ಕೆಜಿ ಚೀಲಕ್ಕೆ 600 ರೂಪಾಯಿ.

ಒಟ್ಟು ಖರ್ಚು ಹೇಳಿಬಿಡುತ್ತೇನೆ. ಪರೀಕ್ಷೆ 1,200, ಸಾಫ್ಟ್ನರ್ 24,500, ಸಾಗಣೆ 900, ಪಂಪ್ 5,800, ಟ್ಯಾಂಕ್ 3,900, ಮುಂದಿನ ಫಿಲ್ಟರ್ 2,200, ಕಟ್ಟೆ 1,800, ಪೈಪು ಮತ್ತು ಕೂಲಿ ಎರಡು ಸಲದ್ದು ಸೇರಿ 9,600, ಗಡಸುತನ ನೋಡುವ ಕಿಟ್ 650, ಮೊದಲ ಉಪ್ಪು 600. ಎಲ್ಲ ಸೇರಿ 51,150. ನಾನು ತೆಗೆದಿಟ್ಟಿದ್ದು ಮೂವತ್ತು ಸಾವಿರ.

ಆ ಕಿಟ್ ಮಾತ್ರ ತಪ್ಪದೆ ತೆಗೆದುಕೊಳ್ಳಿ. ಸಾಫ್ಟ್ನರ್ ಹಾಕಿದ ಮರುದಿನ ಪಕ್ಕದ ಮನೆಯವರು ಟಿಡಿಎಸ್ ಮೀಟರ್ ತಂದು ಅದ್ದಿದರು, 760. ಮೊದಲಿಗಿಂತ ಇಪ್ಪತ್ತು ಹೆಚ್ಚು! ಮೋಸ ಹೋದಿರಿ ಅಂದರು. ಕ್ಯಾಲ್ಸಿಯಂ ಹೋದ ಜಾಗಕ್ಕೆ ಸೋಡಿಯಂ ಬರುವುದರಿಂದ ಟಿಡಿಎಸ್ ಇಳಿಯುವುದೇ ಇಲ್ಲ. ನಾನು ಕಿಟ್ ತೆಗೆದು ಅವರೆದುರೇ ಎರಡು ಸೀಸೆ ಇಟ್ಟೆ. ಬೋರ್ ನೀರಿಗೆ ಬಣ್ಣದ ಪುಡಿ ಹಾಕಿದರೆ ಮುರುಗಲ ಪಾನಕದ ಕೆಂಪು. ಹನಿ ಹನಿ ದ್ರಾವಣ ಹಾಕುತ್ತಾ ಎಣಿಸಿದೆವು. ಇಪ್ಪತ್ತಮೂರನೇ ಹನಿಗೆ ಕೆಂಪು ಹೋಗಿ ಶುದ್ಧ ನೀಲಿ. ಒಂದು ಹನಿಗೆ 20 ಅಂತ ಕಿಟ್ ಮೇಲೆ ಬರೆದಿತ್ತು, 460. ಮೆದು ನೀರಿಗೆ ಅದೇ ಪುಡಿ ಹಾಕಿದೆ. ಒಂದು ಹನಿಯೂ ಹಾಕುವ ಮೊದಲೇ ನೀಲಿ.

ಮೊದಲ ದಿನ ಸ್ನಾನ ಮಾಡಿದ ಆಯಿ ಬಚ್ಚಲಿಂದಲೇ ಕೂಗಿದರು, "ಎಷ್ಟು ನೀರು ಹಾಕಿದರೂ ಸೋಪೇ ಹೋಗ್ತಿಲ್ಲ." ಗಡಸು ನೀರಲ್ಲಿ ಸೋಪು ಸುಣ್ಣದ ಜೊತೆ ಸೇರಿ ಬಿಳಿ ಗಸಿಯಾಗಿ ಮೈಗೆ ಅಂಟುತ್ತದೆ, ಆ ಒರಟನ್ನೇ ನಾವು ಸ್ವಚ್ಛ ಅಂದುಕೊಂಡಿದ್ದೆವು. ಮೆದು ನೀರಲ್ಲಿ ಮೈ ಜಾರುತ್ತದೆ. ಹೆಂಡತಿ ಮಾತ್ರ ಸ್ನಾನ ಮುಗಿಸಿ ಬಂದು ಕೂದಲು ಒರೆಸಿಕೊಳ್ಳುತ್ತಾ, "ನಮ್ಮನೆ ನೀರಿನ ಹಾಗೇ ಉಂಟು" ಎಂದಳು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಇಲ್ಲಿಯ ನೀರಿನ ಬಗ್ಗೆ ಅವಳು ಮೊದಲ ಸಲ ಒಳ್ಳೆಯ ಮಾತು ಆಡಿದ್ದು. ಈಗ ಸೋಪಿನ ಪುಡಿ ಮೊದಲಿನ ಅರ್ಧ ಸಾಕು.

ಐದು ದಿನಕ್ಕೊಮ್ಮೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತೇನೆ. ಬೆಳಿಗ್ಗೆ ಬ್ಯಾಕ್‌ವಾಷ್ ಹತ್ತು ನಿಮಿಷ, ಉಪ್ಪುನೀರು ಅರ್ಧ ಗಂಟೆ, ತೊಳೆಯುವುದು ಇಪ್ಪತ್ತು ನಿಮಿಷ. ಕೊನೆಯ ನೀರು ನಾಲಿಗೆಗೆ ಉಪ್ಪು ತಾಗದಿದ್ದರೆ ಮಾತ್ರ ಟ್ಯಾಂಕಿಗೆ ಬಿಡುವುದು.

ಈಗ ಏಪ್ರಿಲ್. ಬಾವಿಯ ನೀರು ಇಳಿಯುತ್ತಿದೆ, ಹಳದಿ ನಲ್ಲಿಯ ನೀರಿನ ರುಚಿ ದಿನಾ ನೋಡುತ್ತಿದ್ದೇನೆ. ಬೋರ್‌ನ ಕ್ಲೋರೈಡ್ ಪರೀಕ್ಷೆ ಮಾಡಿಸಿದ್ದು ಮಳೆಗಾಲ ಮುಗಿದ ಕೂಡಲೇ, ಆಗ 210 ಇದ್ದದ್ದು ಕಡು ಬೇಸಿಗೆಯಲ್ಲಿ ಎಷ್ಟಕ್ಕೆ ಏರುತ್ತದೆ ಅಂತ ನೋಡಬೇಕು. ಮೇ ಕೊನೆಯ ವಾರ, ಮಳೆ ಬೀಳುವ ಮೊದಲು ಇನ್ನೊಮ್ಮೆ ಕಳಿಸುತ್ತೇನೆ. ಬಾಟಲಿ ಎರಡು ತೊಳೆದು ಬಿಸಿಲಿಗೆ ಬೋರಲು ಹಾಕಿಟ್ಟಿದ್ದೇನೆ. ಒಂದು ಬೋರಿಗೆ, ಒಂದು ಬಾವಿಗೆ.